ಮೈಲಿಬೇನೆಯ ಅಧ್ಯಾಯ

ಲಕ್ಷ್ಮೇಶ್ವರ
೯ ಫೆಬ್ರುವರಿ ೧೯೪೮

ಮಗಳು ಸಾಬೀರಾಳಿಗೆ ನಿನ್ನ ಅಬ್ಬಾನ ದುವಾ.

ಅಕ್ಷರ ನೋಡಿದ ಕೂಡಲೇ ಇದು ನನ್ನ ಕೈಯಲ್ಲ ಎಂದು ನಿನಗೆ ಗೊತ್ತಾಗಿರಬೇಕು. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಕಾಣುತ್ತದೆ, ಮನುಷ್ಯರು ನೆರಳಿನ ಹಾಗೆ ಕಾಣುತ್ತಾರೆ, ಅಕ್ಷರ ಮಾತ್ರ ಕಾಣುವುದಿಲ್ಲ. ನಿನಗೆ ಶಾಲೆಯಲ್ಲಿ ಅ ಆ ತಿದ್ದಿಸಿದ ಚನ್ನಬಸವಣ್ಣ ಮಾಸ್ತರರು ನಾನು ಹೇಳಿದ್ದನ್ನು ಬರೆಯುತ್ತಿದ್ದಾರೆ. ಅವರಿಗೆ ಉರ್ದು ಬಾರದು, ಆದ್ದರಿಂದ ಕನ್ನಡ.

ನಿನ್ನ ತಮ್ಮ ಮರ್ದಾನಸಾಬ ಹೋದ ತಿಂಗಳು ಮುಂಬಯಿಯಲ್ಲಿ ಹಡಗು ಹತ್ತಿ ಕರಾಚಿಗೆ ಹೋದ. ಮನೆತನದ ಕಿತಾಬನ್ನು ಅವನ ಕೈಗೆ ಕೊಟ್ಟೆ. ಅದು ಗಂಡುಮಗನಿಗೆ ಹೋಗಬೇಕಾದದ್ದು, ಹೋಯಿತು.

ಅದರಲ್ಲಿ ಏನಿತ್ತು ಎಂದು ಮಾಸ್ತರರು ಕೇಳಿದರು. ಸಾವಿರ ವರ್ಷದ ಹಿಂದೆ ಬಗದಾದು, ಬುಖಾರಾಗಳ ಹಕೀಮರು ಅರಬ್ಬಿಯಲ್ಲಿ ಬರೆದಿಟ್ಟದ್ದನ್ನು ನಮ್ಮ ಹಿರಿಯರೊಬ್ಬರು ವಿಜಾಪುರದಲ್ಲಿದ್ದಾಗ ಪಾರಸಿಯಲ್ಲಿ ನಕಲು ಮಾಡಿಕೊಂಡದ್ದು ಎಂದೆ. ನಾಡಿ, ಜ್ವರ, ಕಣ್ಣು, ಬಸಿರು, ಎಲ್ಲವೂ ಇದೆ ಎಂದೆ. ಹಾಗಾದರೆ ತಲೆಯಲ್ಲಿ ಉಳಿದದ್ದನ್ನಾದರೂ ಹೇಳಿರಿ, ಕನ್ನಡದಲ್ಲಿ ಬರೆದಿಡೋಣ ಎಂದು ಅವರು ಹಟ ಹಿಡಿದಿದ್ದಾರೆ. ಹತ್ತು ಊರಿನ ಜನ ನನ್ನಲ್ಲಿಗೆ ಬರುತ್ತಾರೆ, ಅವರಲ್ಲಿ ಪಾರಸಿ ಬಲ್ಲವರು ಯಾರಿದ್ದಾರೆ ಎನ್ನುತ್ತಾರೆ. ಶುರು ಮಾಡಿದೆವು. ನಾಡಿಯ ಅಧ್ಯಾಯ ಮುಗಿಯಿತು. ಮಾಸ್ತರರು ಸಿಡುಬು ಅನ್ನುವ ಮೈಲಿಬೇನೆಗೆ ಬಂದು ನಿಂತೆ. ಮೈಲಿಯೋ ದಡಾರವೋ ಎಂದು ಗುಳ್ಳೆ ಏಳುವ ಮೊದಲೇ ತಿಳಿಯುವ ಗುರುತುಗಳು ಕಿತಾಬಿನಲ್ಲಿದ್ದವು. ನಾಲ್ಕು ನೆನಪಿಗೆ ಬರುತ್ತವೆ, ಅನುಕ್ರಮ ತಪ್ಪುತ್ತದೆ. ನಾನು ಓದುವಾಗ ನೀನು ಪಕ್ಕದಲ್ಲಿ ಕೂತು ಔಷಧ ಅರೆಯುತ್ತಿದ್ದೆ. ಆಮೇಲಾಮೇಲೆ ನೀನೇ ಓದಿ ಹೇಳುತ್ತಿದ್ದೆ. ನಿನಗೆ ನೆನಪಿದ್ದರೆ ಬರೆದು ಕಳಿಸು.

ಅಳಿಯ ರಾಜೇಸಾಬನಿಗೆ ಸಲಾಂ, ಮಾಬೂಬಿಗೆ ಮುದ್ದು.

ನಿನ್ನ ಅಬ್ಬಾ
ಉಸ್ಮಾನಸಾಬ ಹಕೀಮ

ತಂಗೀ ಸಾಬೀರಾ, ನಿಮ್ಮ ಅಬ್ಬಾ ಬರೆಸಿದ್ದು ಇಷ್ಟು. ಮತ್ತೇನಾದರೂ ಬರೆಯಲೇ ಎಂದೆ. ಸಾಕು ಎಂದರು. ಕಿತಾಬು ಇಡುತ್ತಿದ್ದ ಗೂಡಿನಲ್ಲಿ ಈಗಲೂ ದಿನಾ ಕೈಯಾಡಿಸುತ್ತಾರೆ. ಚನ್ನಬಸವಣ್ಣ.


ಕುಕನೂರು
೨ ಮಾರ್ಚ್ ೧೯೪೮

ಅಬ್ಬಾ ಅವರಿಗೆ ಸಾಬೀರಾಳ ಸಲಾಂ.

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಬೇಕಾಗಿತ್ತು, ಬರೆಯಲಿಲ್ಲ. ನಿಮ್ಮ ಕಣ್ಣಿನ ಸುದ್ದಿ ಓದಿ ಅತ್ತೆ. ಕಿತಾಬಿನ ಸುದ್ದಿ ಓದಿ ಅಳಲಿಲ್ಲ. ಮರ್ದಾನನಿಗೆ ಅದರ ಒಂದು ಸಾಲೂ ಓದಲು ಬರುವುದಿಲ್ಲ, ಅದು ನಿಮಗೂ ಗೊತ್ತು. ಕಿತಾಬನ್ನು ಅವನಿಗೆ ಕೊಟ್ಟು, ಒಳಗಿರುವುದನ್ನು ನನ್ನನ್ನು ಕೇಳುತ್ತಿದ್ದೀರಿ. ನನಗೆ ನಾಡಿ ಹಿಡಿಯಲು ಕಲಿಸಿದಿರಿ, ಯಾರ ಕೈಯನ್ನೂ ಹಿಡಿಯಲು ಬಿಡಲಿಲ್ಲ. ಇದನ್ನು ಓದಿ ಹೇಳುವಾಗ ಮಾಸ್ತರ ಕಾಕಾ ಬೇಕಾದರೆ ಈ ಸಾಲು ಬಿಡಲಿ.

ಮೈಲಿಯ ಅಧ್ಯಾಯ ನನಗೆ ಪೂರ್ತಿ ನೆನಪಿದೆ. ಹೇಳುತ್ತೇನೆ, ಬರೆಸಿಕೊಳ್ಳಿರಿ.

ಎರಡಕ್ಕೂ ಮೊದಲು ಬರುವುದು ಜ್ವರವೇ. ಬೆನ್ನು ಮುರಿದಂತೆ ನೋಯುತ್ತಿದ್ದರೆ ಮೈಲಿಯೆಂದು ತಿಳಿಯಬೇಕು. ಬೆನ್ನುನೋವು ಕಡಿಮೆಯಿದ್ದು ಹೊಟ್ಟೆ ತೊಳಸುವುದು, ಚಡಪಡಿಕೆ, ಕೆಂಗಣ್ಣು, ಕೆಮ್ಮು ಹೆಚ್ಚಿದ್ದರೆ ದಡಾರ. ನಮ್ಮ ಕಡೆಯ ಹೆಂಗಸರು ಗೊಬ್ಬರ ಅನ್ನುವುದು ಇದನ್ನೇ ಎಂದು ಸೇರಿಸಿರಿ, ಇಲ್ಲದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೈಲಿಯ ಗುಳ್ಳೆ ಬಿಡಿಬಿಡಿಯಾಗಿ ಎದ್ದು, ಬೆಳ್ಳಗೆ ತುಂಬಿಕೊಂಡರೆ ರೋಗಿ ಉಳಿಯುತ್ತಾನೆ. ಒಂದಕ್ಕೊಂದು ಕೂಡಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದರೆ ಹಕೀಮನು ಮನೆಯವರಿಂದ ಮುಚ್ಚಿಡಬಾರದು. ಎಲ್ಲಕ್ಕಿಂತ ಮೊದಲು ಕಣ್ಣು ಕಾಯಬೇಕು, ಮತ್ತೆ ಮತ್ತೆ ಗುಲಾಬಿ ನೀರು ಬಿಡಬೇಕು. ಕುಡಿಯಲು ತಣ್ಣೀರು, ದಾಳಿಂಬೆಯ ರಸ.

ಇಷ್ಟನ್ನು ಬರೆಯುವಾಗ ನಮ್ಮ ಪಡಸಾಲೆಯ ಅಳಲೆಕಾಯಿ ವಾಸನೆ ಬಂದ ಹಾಗಾಯಿತು. ಮಾಬೂಬಿಗೆ ಆರು ತುಂಬಿತು. ತನ್ನ ಅಪ್ಪ ಹಿಂಜಿಟ್ಟ ಹತ್ತಿಯ ಮೇಲೆ ಬಿದ್ದು ಹೊರಳಾಡಿ ದಿನಾ ಬೈಸಿಕೊಳ್ಳುತ್ತಾಳೆ.

ನಿಮ್ಮ ಮಗಳು
ಸಾಬೀರಾ


ಲಕ್ಷ್ಮೇಶ್ವರ
೩೦ ಏಪ್ರಿಲ್ ೧೯೪೮

ಮಗಳು ಸಾಬೀರಾಳಿಗೆ ದುವಾ.

ನೀನು ಕಳಿಸಿದ್ದು ತಲುಪಿತು. ಅನುಕ್ರಮ ಸರಿಯಾಗಿದೆ. ಮಾಸ್ತರರು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ನಾಡಿಯ ಅಧ್ಯಾಯದಲ್ಲಿ ಬರುವ ಪಿತ್ತ ಎಂಬ ಮಾತಿನ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ನಮ್ಮ ಹಕೀಮರು ಹೇಳುವ ಪಿತ್ತವೇ ಬೇರೆ, ಇಲ್ಲಿಯ ವೈದ್ಯರು ಹೇಳುವುದೇ ಬೇರೆ ಎಂದು ನಾನು. ಹೊಟ್ಟೆಗೆ ಬಿದ್ದ ಮೇಲೆ ಎರಡೂ ಒಂದೇ ಎಂದು ಅವರು.

ನಮ್ಮ ಮಿರಜ ಸಂಸ್ಥಾನ ಮುಂಬಯಿ ಇಲಾಖೆಯಲ್ಲಿ ಸೇರಿತು. ಇಲ್ಲಿ ಪೇಟೆ ಶಾಂತವಾಗಿದೆ. ನಿಮ್ಮ ನಿಜಾಮ ಸೀಮೆಯ ಸುದ್ದಿ ಚೆನ್ನಾಗಿಲ್ಲ. ಗಡಿಯ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಮುಂಡರಗಿಗೆ, ಗದಗಿಗೆ ಬರುತ್ತಿದ್ದಾರೆ. ಜಾಗ್ರತೆ. ಹೊಟ್ಟೆಯ ಬೇನೆಗಳ ಅಧ್ಯಾಯವನ್ನು ಬಿಡುವಾದಾಗ ಬರೆ.

ಉಸ್ಮಾನಸಾಬ ಹಕೀಮ

ತಂಗೀ, ನೀನು ಬಿಡು ಎಂದ ಸಾಲನ್ನು ನಾನು ಬಿಡದೆ ಓದಿದೆ. ಇನ್ನೊಮ್ಮೆ ಓದಿಸಿದರು. "ಆಕಿ ಮಾತು ಖರೆ ಐತಿ ಮಾಸ್ತರ" ಎಂದರು. ಬರೆಯಲೇ ಎಂದೆ. "ಬರೀಬ್ಯಾಡ್ರಿ" ಎಂದರು. ನಾನು ಬರೆದಿದ್ದೇನೆ. ಮಗ ಕರಾಚಿಗೆ ಹೋದ ಮೇಲೆ ಕೆಲವರು ಔಷಧಕ್ಕೆ ಬರುವುದನ್ನು ಬಿಟ್ಟಿದ್ದಾರೆ. ಅದನ್ನೂ ಅವರು ಬರೆಸಲಿಲ್ಲ. ಚನ್ನಬಸವಣ್ಣ.


ಕುಕನೂರು
೨೧ ಜೂನ್ ೧೯೪೮

ಅಬ್ಬಾ ಅವರಿಗೆ ಸಲಾಂ.

ಟಪಾಲು ನೆಚ್ಚುವಂತಿಲ್ಲ. ಗದಗಿಗೆ ಹೊರಟ ಬಳೆಗಾರನ ಕೈಯಲ್ಲಿ ಕೊಟ್ಟಿದ್ದೇನೆ.

ಹೊಟ್ಟೆಯ ಅಧ್ಯಾಯ ಬರೆಯಲು ಆಗಲಿಲ್ಲ. ಊರಿನಲ್ಲಿ ಮೈಲಿ ಬಂದಿದೆ. ಮೈಲಿ ಬಾರದಂತೆ ದೇವಿ ಚುಚ್ಚುವವನು ಈ ವರ್ಷ ಬರಲೇ ಇಲ್ಲ, ದಂಗೆಗೆ ಹೆದರಿ ಯಾವ ಸರಕಾರಿ ಮನುಷ್ಯನೂ ಬರುತ್ತಿಲ್ಲ. ಪಕ್ಕದ ಮನೆಯ ಫಕ್ಕೀರವ್ವನ ಮಗನಿಗೆ ಜ್ವರ ಬಂದಾಗ ಊರಿಗೆ ಊರೇ ಮೈಲಿ ಅಂದಿತು. ಅವನನ್ನು ಹೊರಗೆ ಹಾಕಿ ಮಲಗಿಸಿದ್ದರು. ನಾನು ಹೋಗಿ ನೋಡಿದೆ. ಕಣ್ಣು ಕೆಂಪಗಿದ್ದವು, ಕೆಮ್ಮುತ್ತಿದ್ದ, ಬೆನ್ನು ಮುಟ್ಟಿದರೆ ನೋವಿಲ್ಲ. "ಗೊಬ್ಬರ ಐತಿ, ಒಳಗ ಕರಕೊಳ್ರಿ" ಎಂದೆ. ಮೂರನೆಯ ದಿನ ದಡಾರವೇ ಎದ್ದಿತು. ಅಂದಿನಿಂದ ನನ್ನನ್ನು ಎಲ್ಲರೂ ಕರೆಯುತ್ತಾರೆ. ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಜನ ನಮ್ಮ ಅಂಗಳದಲ್ಲಿ ಒಟ್ಟಿಗೆ ಕೂತಿರುತ್ತಾರೆ. ಮೈಲಿ ಅಂತ ಗೊತ್ತಾದವರನ್ನು ಬೇರೆ ಇರಿಸುತ್ತಿದ್ದೇವೆ. ಎಲ್ಲರೂ ಉಳಿಯುವುದಿಲ್ಲ ಅಬ್ಬಾ. ಉಳಿದವರ ಕಣ್ಣು ಉಳಿದಿವೆ.

ಮೊದಲ ದಿನ ಒಂದೊಂದು ನಾಡಿಯನ್ನೂ ಮೂರು ಸಲ ಹಿಡಿದು ನೋಡಿದೆ. ಈಗ ಒಂದೇ ಸಲ ಸಾಕು.

ಸಾಬೀರಾ


ಲಕ್ಷ್ಮೇಶ್ವರ
೧೪ ಜುಲೈ ೧೯೪೮

ಮಗಳು ಸಾಬೀರಾಳಿಗೆ ದುವಾ.

ಮೈಲಿ ಬಂದ ಊರಿನಲ್ಲಿ ನೀನು ಇರಬೇಡ. ಗಂಡನನ್ನೂ ಮಾಬೂಬಿಯನ್ನೂ ಕರೆದುಕೊಂಡು ಬಾ. ದಾರಿ ಪೂರ್ತಿ ಮುಚ್ಚುವ ಮೊದಲೇ ಹೊರಡು. ಗದಗಿನ ದವಾಖಾನೆಯಲ್ಲಿ ದೇವಿ ಹಾಕುತ್ತಾರೆ, ಮೂವರೂ ಹಾಕಿಸಿಕೊಳ್ಳಿರಿ. ಬಂದ ಬೇನೆಯನ್ನು ಗುರುತಿಸಲು ಕಿತಾಬು ಕಲಿಸುತ್ತದೆ. ಬಾರದಂತೆ ತಡೆಯುವುದು ಆ ಹಕೀಮರಿಗೆ ಗೊತ್ತಿರಲಿಲ್ಲ. ಅವರು ಇಂದು ಬದುಕಿದ್ದರೆ ಮೊದಲು ತಮ್ಮ ಮಕ್ಕಳಿಗೇ ಹಾಕಿಸುತ್ತಿದ್ದರು.

ಉಸ್ಮಾನಸಾಬ ಹಕೀಮ

ತಂಗೀ, ಕೆಳಗಿನ ಸಾಲು ನಿಮ್ಮ ಅಬ್ಬಾ ನನ್ನಿಂದ ಲೇಖನಿ ಕಸಿದುಕೊಂಡು ತಾವೇ ಬರೆದದ್ದು. ಅಕ್ಷರದ ಮೇಲೆ ಅಕ್ಷರ ಬಿದ್ದಿವೆ. 'ಬಾ ಮಗಳೇ, ನಿನ್ನ ಮನೆಗೆ ಬಾ' ಎಂದಿದೆ. ಚನ್ನಬಸವಣ್ಣ.


ಕುಕನೂರು
೧೯ ಆಗಸ್ಟ್ ೧೯೪೮

ಅಬ್ಬಾ ಅವರಿಗೆ ಸಲಾಂ.

ನೀವು ಬರೆದ ಸಾಲು ಓದಲು ಬಂತು. ಮಾಸ್ತರ ಕಾಕಾ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಬರಲು ಗಂಟು ಕಟ್ಟಿದ್ದೆ. ಆ ದಿನವೇ ಇವರು ಜ್ವರ ಎಂದು ಮಲಗಿದರು. ಮೈಲಿಯೇ. ಈ ಸ್ಥಿತಿಯಲ್ಲಿ ಇವರನ್ನು ಚಕ್ಕಡಿಯಲ್ಲಿ ಹಾಕುವಂತಿಲ್ಲ, ಹಾಕಿದರೂ ಯಾವ ಊರಿನವರೂ ಒಳಗೆ ಬಿಡುವುದಿಲ್ಲ. ಇವರನ್ನು ಬಿಟ್ಟು ಬರಲು ನನಗಾಗುವುದಿಲ್ಲ.

ಮಾಬೂಬಿಯನ್ನು ಇವರು ಮಲಗಿದ ಮೊದಲ ದಿನವೇ ಫಕ್ಕೀರವ್ವನ ಮನೆಗೆ ಕಳಿಸಿದ್ದೆ. ಇಷ್ಟು ದಿನ ನೋಡಿದೆ, ಅವಳಿಗೆ ಜ್ವರವಿಲ್ಲ. ಫಕ್ಕೀರವ್ವ ಮಕ್ಕಳನ್ನು ಕಟ್ಟಿಕೊಂಡು ಹೊಂಬಳದ ತವರಿಗೆ ಹೊರಟಿದ್ದಾಳೆ. ಅವಳ ಕೂಡ ಮಗಳನ್ನೂ ಈ ಪತ್ರವನ್ನೂ ಕಳಿಸುತ್ತಿದ್ದೇನೆ. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಹುಡುಗಿ ಯಾರ ಮಗಳು ಅನ್ನುತ್ತೀ ಎಂದೆ. "ನನ್ನ ಮಗಳು ಅಂತೀನಿ, ಮತ್ತೇನ್ ಅನ್ಲಿ" ಎಂದಳು.

ಅಬ್ಬಾ, ತಡ ಮಾಡದೆ ಅವಳಿಗೆ ದೇವಿ ಹಾಕಿಸಿರಿ. ನನ್ನ ತೋಳಿನ ಮೇಲೆ ಆ ಗುರುತಿಲ್ಲ. ನಾನು ಚಿಕ್ಕವಳಿದ್ದಾಗ ದೇವಿ ಚುಚ್ಚುವವನು ನಮ್ಮ ಬಾಗಿಲಿಗೆ ಬಂದಿದ್ದ, ನೀವು ಹಿಂದಕ್ಕೆ ಕಳಿಸಿದಿರಿ. ಅವಳ ತೋಳಿನ ಮೇಲೆ ಇರಲಿ.

ಮಲಗುವಾಗ ಅವಳಿಗೆ ಯಾರದಾದರೂ ಸೆರಗು ಕೈಯಲ್ಲಿ ಬೇಕು. ನಿಮ್ಮ ರುಮಾಲು ಕೊಟ್ಟರೂ ನಡೆದೀತು.

ಸಾಬೀರಾ


ಲಕ್ಷ್ಮೇಶ್ವರ
೩ ಸೆಪ್ಟೆಂಬರ್ ೧೯೪೮

ತಂಗಿ ಸಾಬೀರಾಳಿಗೆ ಚನ್ನಬಸವಣ್ಣನ ಆಶೀರ್ವಾದ.

ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ, ನಿಮ್ಮ ಅಬ್ಬಾ ಮೊಮ್ಮಗಳನ್ನು ಬಿಟ್ಟು ಏಳುತ್ತಿಲ್ಲ. ಹೊಂಬಳಕ್ಕೆ ನಾನು ಹೋಗಿ ಕರೆತಂದೆ. ಗದಗಿನಲ್ಲಿ ದೇವಿ ಹಾಕಿಸಿದೆ. ಸೂಜಿ ಚುಚ್ಚುವಾಗ ಅಳಲಿಲ್ಲ, ಆಮೇಲೆ ಚಕ್ಕಡಿಯಲ್ಲಿ ಲಕ್ಷ್ಮೇಶ್ವರದವರೆಗೂ ಅತ್ತಳು. ತೋಳು ಊದಿ ಈಗ ಇಳಿದಿದೆ, ಗುರುತು ಚೆನ್ನಾಗಿ ಎದ್ದಿದೆ. ಹಕೀಮರು ಅದರ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬರೇ ಕೂತರು. ನಾನು ಕರೆಯಲಿಲ್ಲ.

ಮಗು ರುಮಾಲು ಬೇಡ ಅಂದಿತು. ನನ್ನ ಮನೆಯವಳ ಹಳೆಯ ಸೀರೆಯ ತುಂಡು ಕೊಟ್ಟಿದ್ದೇವೆ. ರಾಜೇಸಾಬ ಹೇಗಿದ್ದಾನೆ? ಒಂದು ಅಕ್ಷರವಾದರೂ ಕಳಿಸು. ಇದನ್ನು ಒಯ್ಯುವವರು ಸಿಕ್ಕುವತನಕ ನನ್ನ ಕಿಸೆಯಲ್ಲೇ ಇರುತ್ತದೆ.

ಚನ್ನಬಸವಣ್ಣ


ಕುಕನೂರು
೮ ಸೆಪ್ಟೆಂಬರ್ ೧೯೪೮

ಅಬ್ಬಾ ಅವರಿಗೆ ಸಲಾಂ.

ಈ ಪತ್ರವನ್ನು ಬೇವಿನ ಹೊಗೆ ಹಿಡಿಸಿ ಕಳಿಸಲು ಮಸೀದಿಯ ಮುಲ್ಲಾನಿಗೆ ಹೇಳಿದ್ದೇನೆ. ಆದರೂ ಬಿಸಿಲಿಗೆ ಹಾಕಿ ಓದಿಸಿರಿ. ಮಾಬೂಬಿ ಮುಟ್ಟಬಾರದು.

ಇವರು ಹೋದ ಶುಕ್ರವಾರ ತೀರಿಕೊಂಡರು. ಕೊನೆಯವರೆಗೂ ಕಣ್ಣು ಚೆನ್ನಾಗಿದ್ದವು, ನನ್ನನ್ನು ನೋಡುತ್ತಿದ್ದರು.

ಈಗ ಬರೆಯುವುದು ಅಧ್ಯಾಯಕ್ಕಾಗಿ. ರೋಗಿ ಹೇಗೆ ಕಾಣುತ್ತಾನೆ ಎಂದು ಕಿತಾಬಿನಲ್ಲಿದೆ. ರೋಗಿಗೆ ಹೇಗಾಗುತ್ತದೆ ಎಂಬುದು ಕಡಿಮೆ ಇದೆ. ಮೊದಲು ಬಂದದ್ದು ಬೆನ್ನುನೋವು. ಹೆರಿಗೆಯ ನೋವಿಗಿಂತ ಹೆಚ್ಚು, ಸೊಂಟದ ಮೇಲಿನಿಂದ ಶುರುವಾಗಿ ತೊಡೆಗೆ ಇಳಿಯುತ್ತದೆ. ತಲೆ ಒಡೆಯುತ್ತದೆ. ಕನಸು ಎಚ್ಚರ ಎರಡೂ ಕೂಡಿಕೊಳ್ಳುತ್ತವೆ, ನೀವು ಓದುವ ದನಿ ಕೇಳಿ ಎದ್ದು ಕೂತೆ. ಗುಳ್ಳೆ ಏಳುವ ಮೊದಲೇ ಬಾಯೊಳಗೆ ಹುಣ್ಣಾಗಿ ನೀರು ನುಂಗುವುದು ಕಷ್ಟವಾಗುತ್ತದೆ. ತಣ್ಣೀರು ಎಂದು ಬರೆದಿದ್ದೇವೆ, ಚಮಚದಿಂದ ಹನಿಹನಿಯಾಗಿ ಬಿಡಬೇಕೆಂದು ಸೇರಿಸಿರಿ. ಗುಳ್ಳೆ ಎದ್ದ ಮೇಲೆ ಜ್ವರ ಇಳಿಯುತ್ತದೆ, ಆಗ ಗುಣವಾಯಿತು ಅನ್ನಿಸುತ್ತದೆ. ರೋಗಿಯೂ ಮನೆಯವರೂ ಅದನ್ನು ನಂಬಬಾರದು.

ನನ್ನವು ಬಿಡಿಬಿಡಿಯಾಗಿಲ್ಲ ಅಬ್ಬಾ. ಬಣ್ಣವನ್ನೂ ನೋಡಿಕೊಂಡೆ. ಹಕೀಮನು ಮನೆಯವರಿಂದ ಮುಚ್ಚಿಡಬಾರದು ಎಂದು ನಾನೇ ನಿಮಗೆ ಬರೆದಿದ್ದೆ.

ನನ್ನ ನಾಡಿಯನ್ನು ನಾನೇ ಹಿಡಿದು ನೋಡಿದೆ. ಓಡುತ್ತಿದೆ, ಸಣ್ಣಗಿದೆ. ಮುಂದಿನದನ್ನು ನೀವೇ ಬಲ್ಲಿರಿ.

ಮಾಬೂಬಿಗೆ ಓದು ಕಲಿಸಿರಿ. ಯಾವ ಭಾಷೆಯಾದರೂ ಆಗಲಿ.

ನಿಮ್ಮ
ಸಾಬೀರಾ


ಲಕ್ಷ್ಮೇಶ್ವರ
೨೨ ನವೆಂಬರ್ ೧೯೪೮

ಮಗ ಮರ್ದಾನಸಾಬನಿಗೆ ದುವಾ.

ಮಾಸ್ತರರ ಕೈಯಿಂದ ಬರೆಸುತ್ತಿದ್ದೇನೆ. ನಿನ್ನ ಅಕ್ಕ ಸಾಬೀರಾ ಸೆಪ್ಟೆಂಬರದಲ್ಲಿ ತೀರಿಕೊಂಡಳು. ಅವಳ ಗಂಡನೂ ಅದೇ ಬೇನೆಯಿಂದ ಹೋದ. ಆ ವಾರವೇ ಭಾರತದ ಫೌಜು ನಿಜಾಮ ಸೀಮೆಯೊಳಗೆ ನುಗ್ಗಿತು, ದಾರಿಗಳು ಮುಚ್ಚಿದವು. ಅವಳು ಬರೆದ ಕೊನೆಯ ಪತ್ರ ನಮಗೆ ತಲುಪುವುದರೊಳಗೆ ಅವಳನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಹೊಂಬಳದ ತವರಿನಿಂದ ಫಕ್ಕೀರವ್ವ ಎಂಬ ನೆರೆಯವಳು ಹೋಗಿ ನೋಡಿ ಬಂದು ಹೇಳಿದಳು. ಗಂಡನ ಪಕ್ಕದಲ್ಲೇ ಇಟ್ಟಿದ್ದಾರೆ. ಸಾಬೀರಾಳ ಔಷಧದಿಂದ ಉಳಿದವರು ಬಂದು ಮಣ್ಣು ಹಾಕಿದರಂತೆ, ಎಲ್ಲ ಜಾತಿಯವರೂ.

ಅವಳ ಮಗಳು ಮಾಬೂಬಿ ನಮ್ಮಲ್ಲಿದ್ದಾಳೆ. ತಾಯಿ ಯಾವಾಗ ಬರುತ್ತಾಳೆ ಎಂದು ಕೇಳುವುದನ್ನು ನಿಲ್ಲಿಸಿದ್ದಾಳೆ. ನಾವು ಯಾರೂ ಹೇಳಿಲ್ಲ.

ಕಿತಾಬು ನಿನ್ನಲ್ಲೇ ಇರಲಿ. ಮಳೆಗಾಲದಲ್ಲಿ ಹುಳು ಬೀಳದ ಹಾಗೆ ನೋಡಿಕೋ.

ಉಸ್ಮಾನಸಾಬ

ಮರ್ದಾನಸಾಬ, ನಿನ್ನ ಅಬ್ಬಾ ಕನ್ನಡದ ಕೆಲಸ ನಿಲ್ಲಿಸಿಬಿಟ್ಟಿದ್ದಾರೆ. ಸಾಬೀರಾ ಕೊನೆಗೆ ಬರೆದದ್ದನ್ನು ಅಧ್ಯಾಯದಲ್ಲಿ ಸೇರಿಸಲೇ ಎಂದು ಒಮ್ಮೆ ಕೇಳಿದೆ. ಎದ್ದು ಹೋದರು. ಮತ್ತೆ ಕೇಳಲು ನನಗೆ ಧೈರ್ಯವಿಲ್ಲ. ಚನ್ನಬಸವಣ್ಣ.


ಲಕ್ಷ್ಮೇಶ್ವರ
೧೮ ನವೆಂಬರ್ ೧೯೫೬

ಮರ್ದಾನ ಮಾಮಾ ಅವರಿಗೆ ಮಾಬೂಬಿಯ ಸಲಾಂ.

ನನ್ನನ್ನು ನೀವು ನೋಡಿದಾಗ ಬಹಳ ಚಿಕ್ಕವಳಿದ್ದೆ. ಅಜ್ಜ ಈ ತಿಂಗಳ ಒಂಬತ್ತಕ್ಕೆ ತೀರಿಕೊಂಡರು. ನಿಮಗೆ ತಿಳಿಸಲು ಮಾಸ್ತರ ಅಜ್ಜ ಹೇಳಿದರು. ಅವರ ಕೈ ಈಗ ನಡುಗುತ್ತದೆ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಒಂದನೆಯ ತಾರೀಖಿಗೆ ಇಲ್ಲಿ ಪೇಟೆಯಲ್ಲಿ ಮಾವಿನ ತೋರಣ ಕಟ್ಟಿ ಪೇಡೆ ಹಂಚಿದರು. ಮುಂಬಯಿ ಸೀಮೆ, ನಿಜಾಮ ಸೀಮೆ ಎಲ್ಲ ಹೋಗಿ ಕನ್ನಡದವರೆಲ್ಲ ಒಂದೇ ರಾಜ್ಯ ಆದೆವು. ಅಜ್ಜನಿಗೆ ಹೇಳಿದೆ, ಕುಕನೂರಿಗೂ ನಮಗೂ ಈಗ ಗಡಿ ಇಲ್ಲ ಎಂದು. ಮರುದಿನ ಹೊಂಬಳದಿಂದ ಫಕ್ಕೀರವ್ವಮ್ಮ ಬಂದರು, ನಾನು ಅವರ ಕೂಡ ಬಸ್ಸಿನಲ್ಲಿ ಕುಕನೂರಿಗೆ ಹೋಗಿ ಅಮ್ಮನ ಗೋರಿ ನೋಡಿ ಬಂದೆ. ಕಲ್ಲಿನ ಮೇಲೆ ಹೆಸರಿಲ್ಲ. ಫಕ್ಕೀರವ್ವಮ್ಮ ತೋರಿಸಿದ್ದಕ್ಕೆ ಗೊತ್ತಾಯಿತು. ಅಲ್ಲಿ ನನಗೆ ಅಳು ಬರಲಿಲ್ಲ. ಅಮ್ಮನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಹತ್ತಿಯ ನಡುವೆ ಓಡಾಡುವ ಒಂದು ಹಸಿರು ಸೀರೆ ಮಾತ್ರ ನೆನಪಾಯಿತು.

ಅಜ್ಜ ನನಗೆ ಪಾರಸಿ ಕಲಿಸಲು ಆಗಲಿಲ್ಲ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಾಸ್ತರ ಅಜ್ಜ ಬರೆದಿಟ್ಟ ಕನ್ನಡವನ್ನೇ ನಾನು ದಿನಾ ಓದುತ್ತಿದ್ದೆ. ನಾಡಿಯ ಅಧ್ಯಾಯ ನನಗೆ ಬಾಯಿಪಾಠ ಬಂದಿದೆ. ಮೈಲಿಯದು ಬಂದಾಗ ಮಾತ್ರ ಅಜ್ಜ ಕೈ ಎತ್ತಿ ಮುಂದಕ್ಕೆ ಹೋಗು ಎನ್ನುತ್ತಿದ್ದರು. ಎಂಟು ವರ್ಷವೂ ಹಾಗೇ ನಡೆಯಿತು. ನಾನು ಕಾರಣ ಕೇಳಲಿಲ್ಲ, ಗೊತ್ತಿತ್ತು.

ನಾನು ಕುಕನೂರಿನಿಂದ ಬಂದ ಮರುದಿನ ಬೆಳಿಗ್ಗೆ ಅಜ್ಜ ಚಹಾ ಕುಡಿದು, "ಇವತ್ತ ಮೈಲಿದ್ದು ಓದು" ಎಂದರು. ಮಾಸ್ತರ ಅಜ್ಜನೂ ಅಲ್ಲೇ ಇದ್ದರು. ನಾನು ಅಧ್ಯಾಯ ಓದಿದೆ. ಮುಗಿಯಿತು ಎಂದೆ. "ಮುಗದಿಲ್ಲ, ನಿಮ್ಮವ್ವ ಕಳಸಿದ್ದು ಐತಿ" ಎಂದರು. ಮಾಸ್ತರ ಅಜ್ಜ ಎದ್ದು ಹೋಗಿ ಅಮ್ಮನ ಕೊನೆಯ ಪತ್ರ ತಂದು ಕೊಟ್ಟರು. ನಾನು ಅದನ್ನು ಅಲ್ಲಿಯವರೆಗೆ ಓದಿರಲಿಲ್ಲ ಮಾಮಾ.

ಅಜ್ಜ ಅವಸರ ಮಾಡಲಿಲ್ಲ. ನಾನು ನಿಲ್ಲಿಸಿದಾಗಲೆಲ್ಲ "ಆಮ್ಯಾಲೆ?" ಎನ್ನುತ್ತಿದ್ದರು, ದವಾಖಾನೆಯಲ್ಲಿ ರೋಗಿಯನ್ನು ಕೇಳುವ ಹಾಗೆ. ನಾಡಿ ಓಡುತ್ತಿದೆ, ಸಣ್ಣಗಿದೆ ಎಂಬಲ್ಲಿಗೆ ಬಂದೆ. ಆಗಲೂ "ಆಮ್ಯಾಲೆ?" ಎಂದರು.

"ಆಮ್ಯಾಲೆ ಇಲ್ಲ ಅಜ್ಜಾ, ಇಷ್ಟೇ ಐತಿ" ಎಂದೆ.

ಅಜ್ಜನ ಕಣ್ಣಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮಾಸ್ತರ ಅಜ್ಜ ಕೂತಿದ್ದ ಕಡೆ ತಿರುಗಿದರು.

"ಛಲೋ ಬರದಾಳ" ಎಂದರು. "ಅಧ್ಯಾಯದಾಗ ಸೇರಸ್ರಿ."

ಅಂದೇ ಸೇರಿಸಿದೆವು, ಅಮ್ಮನ ಹೆಸರಿನೊಂದಿಗೆ. ಮಾಸ್ತರ ಅಜ್ಜ ಹೇಳುತ್ತ ಹೋದರು, ನಾನು ಬರೆದೆ.

ನಿಮ್ಮ ಸೊಸೆ
ಮಾಬೂಬಿ